ಭಾಗವ್ವನ ಕಾಲು

ನನ್ನ ಹೆಂಡತಿ ಭಾಗವ್ವ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಒಂದು ಮಧ್ಯಾಹ್ನ, ನಮ್ಮ ಮನೆಯ ಮುಂದಿನ ಬೀದಿಯಲ್ಲಿ. ಆಸ್ಪತ್ರೆಯ ಊರಿಗೆ ಹೋಗಿ, ಅವಳ ಕಾಲಿಗೆ ಸುತ್ತುವ ಬಟ್ಟೆಪಟ್ಟಿಗಳ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿಳಿದು ಬರುತ್ತಿದ್ದೆ. ಅವಳ ಒರಗುಮಣೆಯನ್ನು ಹೊರಗೆ ತಂದು ಬೀದಿಗೆ ಬೆನ್ನು ಮಾಡಿ ಇಟ್ಟಿದ್ದರು. ನಮ್ಮ ಊರಲ್ಲಿ ಅಷ್ಟನ್ನು ಕಂಡ ಮೇಲೆ ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲ. ಒರಗುಮಣೆ ಬೀದಿಗೆ ಬೆನ್ನು ಮಾಡಿತೆಂದರೆ ಅದರಲ್ಲಿ ಕೂರುವವರು ಇನ್ನಿಲ್ಲ.

ಗಂಟು ನನ್ನ ಕಂಕುಳಿನಿಂದ ಜಾರಿತು. ಕಟ್ಟೆಯ ಮೇಲೆ ಹತ್ತಾರು ಜನ ಕೂತಿದ್ದರು. ಊರಿನ ಹಿರಿಯ ಗುರುಪಾದಪ್ಪನವರು ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. "ಸಮಾಧಾನ ಮಾಡ್ಕೋರಿ, ಆಚಾರ್ರ. ಪುಣ್ಯಾತ್ಗಿತ್ತಿ. ನರಳಲಿಲ್ಲ, ಏನಿಲ್ಲ" ಎಂದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ನಾನು ಒಳಗೆ ಹೋದೆ. ಅಡುಗೆಮನೆಯಲ್ಲಿ ಭಾಗವ್ವ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು.

"ಬಂದ್ರ್ಯಾ?" ಎಂದಳು. "ಚಾ ಮಾಡ್ಲಿಕ್ಕೆ ಹಾಲಿಲ್ಲ ನೋಡ್ರಿ. ಹಾಲಿನಾಕಿ ಬಾಗಲದಾಗ ನಿಂತು ಅತ್ತು ಹಂಗ ಹೋದ್ಲು. ನಾ ಸತ್ತೇನಂತ."

ನಮ್ಮ ಊರಲ್ಲಿ ಯಾರೂ ಮಲಗುವುದಿಲ್ಲ. ಮಲಗುವುದು ಒಮ್ಮೆ ಮಾತ್ರ, ಮತ್ತೆ ಏಳುವುದಿಲ್ಲ. ಕೂಸಿಗೆ ಹೆಸರಿಡುವ ದಿನ ಸೋದರಮಾವ ಪುಟ್ಟ ಒರಗುಮಣೆಯನ್ನು ತಲೆಯ ಮೇಲೆ ಹೊತ್ತು ತರುತ್ತಾನೆ. ಮದುವೆಯಲ್ಲಿ ಹೆಣ್ಣಿನ ಮಣೆಯನ್ನು ಗಂಡಿನ ಮಣೆಯ ಪಕ್ಕಕ್ಕೆ ಗೋಡೆಗೆ ಸೇರಿಸಿ ನಿಲ್ಲಿಸುತ್ತಾರೆ. ಅದರಲ್ಲಿ ಕೂತು, ಬೆನ್ನು ಒರಗಿಸಿ, ಪಾದಗಳನ್ನು ನೆಲಕ್ಕೆ ಊರಿ ನಿದ್ದೆ ಮಾಡುತ್ತೇವೆ. ಜ್ವರ ಬಂದರೂ ಅಲ್ಲಿಯೇ, ಹೆರಿಗೆಯಾದರೂ ಅಲ್ಲಿಯೇ. ಹೊರಗಿನ ಊರುಗಳವರು ದಿನಾಲೂ ಮಲಗುತ್ತಾರೆಂದು ನಮಗೆ ಗೊತ್ತಿತ್ತು. ಅವರಿಗೆ ಜೀವದ ಮೇಲೆ ಅಷ್ಟೊಂದು ಆಸೆಯಿಲ್ಲ ಎಂದುಕೊಂಡು ಸುಮ್ಮನಿದ್ದೆವು. ನಾನು ಬಡಿಗ. ಊರಿನ ಒರಗುಮಣೆಗಳಲ್ಲಿ ಹೆಚ್ಚಿನವು ನನ್ನ ಕೈಯವು, ಹಳೆಯವು ನನ್ನ ತಂದೆಯ ಕೈಯವು. ತಾಯಿ ಕಾಳಿಕಾಂಬೆಗೆ ಕೈಮುಗಿಯದೆ ನಾನು ಒಂದು ದಿನವೂ ಉಳಿ ಹಿಡಿದವನಲ್ಲ.

ಸಂಜೆಯಾದರೆ ಎಲ್ಲರ ಪಾದಗಳೂ ಊದಿಕೊಳ್ಳುವ ಊರು ನಮ್ಮದು. ಬೆಳಿಗ್ಗೆ ಹಾಕಿಕೊಂಡ ಚಪ್ಪಲಿಯನ್ನು ಸಂಜೆಗೆ ಕೈಯಲ್ಲಿ ಹಿಡಿದು ಬರುವವರೇ ಹೆಚ್ಚು. ಆದ್ದರಿಂದ ಭಾಗವ್ವನ ಎಡಗಾಲಿನ ಬಾವು ಬೆಳಿಗ್ಗೆಯೂ ಇಳಿಯದಿದ್ದಾಗ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಆಗಾಗ ಅವಳಿಗೆ ಚಳಿಜ್ವರ ಬರುತ್ತಿತ್ತು. ತೊಡೆಸಂದಿಯಲ್ಲಿ ಗಂಟು ಕಟ್ಟಿ, ಕಾಲು ಕೆಂಪಾಗಿ ಕಾಯುತ್ತಿತ್ತು. ಜ್ವರ ಹೋಗುತ್ತಿತ್ತು, ಹೋಗುವಾಗ ಇನ್ನಷ್ಟು ಬಾವನ್ನು ಬಿಟ್ಟು ಹೋಗುತ್ತಿತ್ತು. ಬಿಸಿ ಬೂದಿಯ ಶಾಖ ಕೊಟ್ಟೆವು, ಎಕ್ಕದ ಎಲೆ ಕಟ್ಟಿದೆವು, ಹರಕೆ ಹೊತ್ತೆವು. ಶಾಖದಿಂದ ಚರ್ಮ ಸುಟ್ಟು ಇನ್ನೊಂದು ಗಾಯವಾಯಿತೇ ಹೊರತು ಕಾಲು ಇಳಿಯಲಿಲ್ಲ. ಕಾಲುಂಗುರವನ್ನು ನಾನೇ ಅರದಿಂದ ಉಜ್ಜಿ ಕತ್ತರಿಸಿ ತೆಗೆಯಬೇಕಾಯಿತು. ಕೊನೆಗೆ ಕಾಲು ಮೊಳಕಾಲಿನಿಂದ ಪಾದದವರೆಗೆ ಒಂದೇ ದಪ್ಪವಾಗಿ, ಚರ್ಮ ಹಳೇ ಮರದ ತೊಗಟೆಯಂತೆ ಬಿರಿದು, ಬೆರಳುಗಳ ಸಂದಿಯಲ್ಲಿ ನೀರು ಒಸರತೊಡಗಿತು. ಜನ ಅವಳನ್ನು ಆನೆಕಾಲಿನ ಭಾಗವ್ವ ಎಂದರು. ಅವಳು ನಗುತ್ತಿದ್ದಳು. "ಆನಿ ಅಂದ್ರ ಆನಿ ಆಗಲಿ. ಅಂಬಾರಿ ಯಾರ ಕಟ್ತಾರ, ಅವರನ್ನ ಕರೀರಿ" ಎನ್ನುತ್ತಿದ್ದಳು.

ಆಸ್ಪತ್ರೆಯ ಊರಿನಿಂದ ಎಸ್ತರ್ ಸಿಸ್ಟರ್ ತಿಂಗಳಿಗೊಮ್ಮೆ ನಮ್ಮ ಕಡೆಯ ಹಳ್ಳಿಗಳನ್ನು ಸುತ್ತಿ ಬರುತ್ತಿದ್ದರು. ಅವರು ಭಾಗವ್ವನ ಮುಂದೆ ನೆಲದ ಮೇಲೆ ಕೂತು, ಆ ಕಾಲನ್ನು ತಮ್ಮ ಮಡಿಲಿಗೆ ಎತ್ತಿಕೊಂಡರು. ಅಷ್ಟು ವರ್ಷಗಳಲ್ಲಿ ನನ್ನನ್ನು ಬಿಟ್ಟು ಬೇರೆ ಯಾರೂ ಅದನ್ನು ಮುಟ್ಟಿರಲಿಲ್ಲ. ಭಾಗವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸಿಸ್ಟರ್ ಹೇಳಿದರು: ಮೈಯೊಳಗೆ ರಕ್ತ ಹರಿಯುವ ಹಾಗೆ ಇನ್ನೊಂದು ತಿಳಿನೀರು ಹರಿಯುತ್ತದೆ. ಅದಕ್ಕೆ ಬೇರೆಯೇ ಸಣ್ಣ ದಾರಿಗಳಿವೆ. ಸೊಳ್ಳೆಯಿಂದ ಮೈಸೇರಿದ ಹುಳು ಆ ದಾರಿಗಳನ್ನು ಕೆಡಿಸಿದೆ, ನೀರು ಮೇಲಕ್ಕೆ ಹೋಗಲಾರದೆ ಕಾಲಲ್ಲಿಯೇ ನಿಂತಿದೆ. ಪೂರ್ತಿ ಹೋಗುವ ಬೇನೆಯಲ್ಲ, ಆದರೆ ಇಳಿಸಬಹುದು, ಏರದಂತೆ ಹಿಡಿಯಬಹುದು. ಬೆಳಿಗ್ಗೆ ಸಂಜೆ ಸೋಪು ಹಚ್ಚಿ ತಣ್ಣೀರಿನಿಂದ ತೊಳೆಯಬೇಕು. ಒಂದೊಂದು ಬೆರಳಿನ ಸಂದಿಯನ್ನೂ ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸಬೇಕು. ಬಿರುಕಿಗೆ ಮುಲಾಮು ಹಚ್ಚಬೇಕು. ಬೆರಳಿನ ಬುಡದಿಂದ ಮೊಳಕಾಲಿನ ತನಕ ಪಟ್ಟಿ ಸುತ್ತಬೇಕು, ಕೆಳಗೆ ಬಿಗಿ, ಮೇಲೆ ಹೋದಂತೆ ಸಡಿಲ. ಪಟ್ಟಿ ಸುತ್ತಿಕೊಂಡೇ ನಡೆದಾಡಬೇಕು. ಚಳಿಜ್ವರ ಬಂದು ಕಾಲು ಕೆಂಪಾದರೆ ಶಾಖ ಕೊಡಬಾರದು, ಪಟ್ಟಿ ಬಿಚ್ಚಿ ಒಡನೆಯೇ ಆಸ್ಪತ್ರೆಗೆ ಕರೆತರಬೇಕು.

"ಮತ್ತೆ, ಮಲಗುವಾಗ ಕಾಲಿನ ಕೆಳಗೆ ದಿಂಬಿಡಿ. ಕಾಲು ಎದೆಗಿಂತ ಎತ್ತರದಲ್ಲಿರಬೇಕು" ಎಂದರು.

"ನಾವು ಮಲಗೂದಿಲ್ಲ, ತಾಯಿ" ಎಂದಳು ಭಾಗವ್ವ.

ಸಿಸ್ಟರ್ ನಕ್ಕರು. ನಮ್ಮಿಬ್ಬರ ಮುಖ ನೋಡಿ, ಗೋಡೆಗೆ ಸೇರಿದ್ದ ಎರಡು ಒರಗುಮಣೆಗಳನ್ನು ನೋಡಿ, ನಗುವುದನ್ನು ನಿಲ್ಲಿಸಿದರು. ಕೆಲವು ದಿನ ಆಸ್ಪತ್ರೆಗೆ ಬಂದು ಇರುವಂತೆ ಕರೆದರು. ಭಾಗವ್ವ ಒಪ್ಪಲಿಲ್ಲ. "ಅಲ್ಲಿ ಮಲಗಿಸ್ತಾರಂತ" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಅವಳೂ ಈ ಊರಿನ ಮಗಳೇ.

ನಾನು ಹಿರಿಯರ ಮುಂದೆ ಹೋಗಿ ಕೇಳಿದೆ. ಅವರು ಅದನ್ನು ತಳ್ಳಿಹಾಕಲಿಲ್ಲ, ಗುಡಿಯ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ವಿಚಾರ ಮಾಡಿದರು. ಕಾಲು ಎಲ್ಲಿಯವರೆಗೆ ಏರಿದರೆ ಕೂತಂತೆ, ಎಲ್ಲಿಂದ ಮುಂದೆ ಮಲಗಿದಂತೆ? ಒಬ್ಬರು ಮೊಳಕಾಲು ಎಂದರು. ಇನ್ನೊಬ್ಬರು, ಹಾಗಾದರೆ ಚಕ್ಕಳಮಕ್ಕಳ ಹಾಕಿ ಕೂತವನ ಗತಿ ಏನು ಎಂದರು. ಮುದುಕ ಚಂದ್ರಶಾ ತಾನೇ ನೆಲದ ಮೇಲೆ ಕೂತು ಕಾಲನ್ನು ಕಂಬಕ್ಕೆ ಆನಿಸಿ ತೋರಿಸಲು ಹೋಗಿ ಹಿಂದಕ್ಕೆ ವಾಲಿದ. ನಾಲ್ಕು ಜನ ಹೌಹಾರಿ ಅವನನ್ನು ಹಿಡಿದರು. "ಬಿಡ್ರೋ, ನಾ ಇನ್ನೂ ಅದೀನಿ!" ಎಂದು ಅವನು ಕೂಗಿಕೊಂಡ. ಎಲ್ಲರೂ ನಕ್ಕರು. ಕೊನೆಗೆ ಗುರುಪಾದಪ್ಪನವರು ಹೇಳಿದರು: "ಸೊಂಟದ ಮಟ ಕಾಲು ಏರ್ಸಿರಿ, ನಮ್ದೇನೂ ಅಡ್ಡಿಲ್ಲ. ಎದಿಮಟ ಏರಬಾರದು. ಬೆನ್ನು ನೆಲಾ ಕಾಣಬಾರದು. ಇಷ್ಟು ನಡಸಿಕೊಡ್ರಿ, ಆಚಾರ್ರ."

ನಾನು ಹೊಸ ಒರಗುಮಣೆ ಮಾಡಿದೆ. ಸಾಗುವಾನಿಯಲ್ಲಿ ಮಾಡಿದೆ. ಅದರ ಬೆನ್ನು ಹಿಂದಕ್ಕೆ ಬಾಗುತ್ತಿತ್ತು, ಮುಂದಿನ ಹಲಗೆ ಮೇಲಕ್ಕೆ ಏಳುತ್ತಿತ್ತು. ಎರಡೂ ಕಡೆ ಸಾಲಾಗಿ ತೂತು ಕೊರೆದು ಮರದ ಗೂಟ ಸಿಕ್ಕಿಸಿದೆ. ಗೂಟವನ್ನು ಒಂದು ತೂತು ಕೆಳಗೆ ಹಾಕಿದರೆ ಬೆನ್ನು ಒಂದಿಷ್ಟು ಇಳಿಯುತ್ತಿತ್ತು. ಭಾಗವ್ವ ಹೆದರಿ ಮೊದಲನೆಯ ತೂತಿನಲ್ಲಿಯೇ ಬಹಳ ದಿನ ಇದ್ದಳು. ಆಮೇಲೆ ಒಂದೊಂದೇ ತೂತು ಇಳಿದಳು. ಬೆಳಿಗ್ಗೆ ಸಂಜೆ ನಾನು ಅವಳ ಕಾಲು ತೊಳೆದು, ಒರೆಸಿ, ಪಟ್ಟಿ ಸುತ್ತುತ್ತಿದ್ದೆ. ಪಟ್ಟಿ ಸುತ್ತಿದ ಕಾಲಿನಲ್ಲಿ ಅವಳು ಹಿತ್ತಲಲ್ಲಿ ಆಚೆ ಈಚೆ ನಡೆಯುತ್ತಿದ್ದಳು. ಬೆರಳ ಸಂದಿಯ ಒಸರು ನಿಂತಿತು. ಕಾಲು ಮೆತ್ತಗಾಯಿತು. ಬೆಳಿಗ್ಗೆ ಪಟ್ಟಿ ಬಿಚ್ಚಿದರೆ ಚರ್ಮ ಸಡಿಲವಾಗಿ ಕಾಣುತ್ತಿತ್ತು. ಒಂದು ದಿನ ನಾನು ಮರ ಹೆರೆಯುತ್ತಿದ್ದಾಗ ಒಳಗಿನಿಂದ ಕೂಗಿದಳು. ಓಡಿ ಹೋದೆ. ಅವಳ ಕಾಲಿನ ಗಿಣ್ಣಿನಲ್ಲಿ ಮೂಳೆಯ ಉಬ್ಬು ಎದ್ದು ಕಾಣುತ್ತಿತ್ತು. ಮದುವೆಯಾದ ಹೊಸದರಲ್ಲಿ ಕಂಡದ್ದು, ಆಮೇಲೆ ಬಾವಿನೊಳಗೆ ಮುಳುಗಿ ಹೋಗಿತ್ತು.

"ಇದು ಯಾರ ಕಾಲ್ರಿ?" ಎಂದಳು. "ನನ್ನ ಕಾಲು ಯಾರೋ ಒಯ್ದಾರ. ಯಾವಾಕೀದೋ ತಂದು ಹಚ್ಯಾರ."

ಅಷ್ಟು ನಕ್ಕ ದಿನ ನಮ್ಮ ಮನೆಯಲ್ಲಿ ಮತ್ತೊಂದಿಲ್ಲ. ತೂತುಗಳು ಹಿರಿಯರು ಹೇಳಿದ ಮಟ್ಟಕ್ಕೆ ಮುಗಿದಿದ್ದವು. ಆದರೆ ಕಾಲು ಇನ್ನೂ ಇಳಿಯಬಲ್ಲದೆಂದು ಅವಳಿಗೆ ತಿಳಿದುಹೋಗಿತ್ತು.

ನಾನು ಪಟ್ಟಿ ತರಲು ಹೋದ ದಿನ ಭಾಗವ್ವ ಬಾಗಿಲು ಮುಂದೆ ಮಾಡಿ, ಬೆನ್ನಿನ ಗೂಟವನ್ನು ಪೂರ್ತಿ ಕಿತ್ತು, ಬೆನ್ನನ್ನು ನೆಲಕ್ಕೆ ಇಳಿಸಿ, ಕಾಲನ್ನು ಮುಂದಿನ ಹಲಗೆಯ ಮೇಲಿಟ್ಟು ಮಲಗಿದಳು. ಅದನ್ನು ಅವಳೇ ನನಗೆ ಹೇಳಿದಳು. "ಕಾಲಾಗಿನ ಭಾರ ಎಲ್ಲಾ ಇಳಕೋತ ಬರ್ತೈತ್ರೀ. ಮ್ಯಾಲ ಜಂತಿ ಕಾಣತಾವ. ನಾವು ಇಷ್ಟು ವರ್ಷ ನಮ್ಮ ಮನಿ ಜಂತೀನ ಸರಿಯಾಗಿ ನೋಡೇ ಇಲ್ಲ" ಎಂದಳು. ಆಗಲೇ ಅವಳ ತಂಗಿ, ಪಕ್ಕದ ಮನೆಯ ತುಂಗವ್ವ, ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದು ಬಾಗಿಲು ತಳ್ಳಿದಳು. ನೋಡಿದಳು. ಅತ್ತಳು. ರಕ್ತ ಹಂಚಿಕೊಂಡವರ ಮೊದಲ ಅಳು ಬಿದ್ದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಭಾಗವ್ವ ಎದ್ದು ಕೂತು, "ಏ ತುಂಗಿ, ಹುಚ್ಚಿ, ಇಲ್ಲೇ ಅದೀನಲ್ಲ" ಎಂದಳಂತೆ. ತುಂಗವ್ವ ಇನ್ನೂ ಜೋರಾಗಿ, "ಅಕ್ಕನ ದನಿ ಇನ್ನೂ ಕಿವ್ಯಾಗ ಐತ್ರೋ" ಎಂದು ಅಳುತ್ತ ಬೀದಿಗೆ ಓಡಿದಳಂತೆ.

ಆ ಸಂಜೆ ಚಟ್ಟ ಕಟ್ಟಿಕೊಂಡು ಬಂದರು. ಭಾಗವ್ವ ಒಲೆಯ ಮುಂದಿನಿಂದ ಏಳಲಿಲ್ಲ. ಕೈಯಲ್ಲಿ ಸೌಟಿತ್ತು. "ಬರ್ರಿ, ಯಾರ ಎತ್ತತೀರಿ ನೋಡೂಣು" ಎಂದಳು. ನಾನು ಬಾಗಿಲಿಗೆ ಅಡ್ಡ ನಿಂತು, ಅವಳು ಜೀವಂತ ಇದ್ದಾಳೆ ಎಂದು ಗಂಟಲು ಹರಿಯುವಂತೆ ಕೂಗಿದೆ. ಎಲ್ಲರೂ ತಲೆ ತಗ್ಗಿಸಿ ಕೇಳಿದರು. ಹೆಂಡತಿ ಸತ್ತವರು ಹಾಗೆ ಹೇಳುವುದನ್ನು ಅವರು ಎಷ್ಟೋ ಸಲ ಕೇಳಿದ್ದರು. ಗುರುಪಾದಪ್ಪನವರು ಗಲ್ಲ ಉಜ್ಜಿಕೊಂಡು ಯೋಚಿಸಿ, ಹೆಣ ಮನೆ ಬಿಡಲು ಒಪ್ಪುತ್ತಿಲ್ಲ, ನೀರುಪಾಲಾಗಿ ಹೆಣ ಸಿಗದವರಿಗೆ ಮಾಡುವಂತೆ ಮಾಡೋಣ ಎಂದರು. ಅವಳ ಒರಗುಮಣೆಯನ್ನು ಹೂ ಹಾಕಿ ಹೊತ್ತೊಯ್ದು, ಅಡ್ಡ ಮಲಗಿಸಿ ಮಣ್ಣು ಮುಚ್ಚಿದರು. ನನ್ನ ಸಾಗುವಾನಿ ಮಣೆ, ಅದರ ಗೂಟ, ತೂತು ಎಲ್ಲವೂ ಮಣ್ಣಿಗೆ ಹೋದವು.

ಮೂರನೆಯ ದಿನ ಸತ್ತವರಿಗೆ ಎಡೆ ಇಡಲು ಬಂಧುಗಳು ಅಡುಗೆ ಮಾಡಿ ತಂದರು. ಅವರು ಹೋದ ಮೇಲೆ ಭಾಗವ್ವ ಎಡೆಯನ್ನು ಎದುರಿಗೆ ಎಳೆದುಕೊಂಡು ಉಂಡಳು. "ತುಂಗೀದು ಪಲ್ಯ. ಉಪ್ಪು ಕಡಿಮಿ. ನಾ ಸತ್ರೂ ಆಕೀ ಕೈ ಸುದ್ದ ಆಗಲಿಲ್ಲ" ಎಂದಳು. ಆಮೇಲೆ ಗೋಡೆಗೆ ಮುಖ ಮಾಡಿ ಬಹಳ ಹೊತ್ತು ಕೂತಳು.

ಊರು ನನ್ನನ್ನು ಚೆನ್ನಾಗಿಯೇ ನೋಡಿಕೊಂಡಿತು. ಒಬ್ಬರಿಗಾಗುವಷ್ಟು ರೊಟ್ಟಿ ದಿನಾಲೂ ಯಾರದೋ ಮನೆಯಿಂದ ಬರುತ್ತಿತ್ತು. ಭಾಗವ್ವ ಹಿತ್ತಲಿಗೆ ಬಂದರೆ ನೆರೆಯವರು ಕಣ್ಣೊರೆಸಿಕೊಂಡು ಒಳಗೆ ಹೋಗುತ್ತಿದ್ದರು. ಅವಳು ಮಾತನಾಡಿಸಿದರೆ ಅವಳ ಒಳ್ಳೆಯತನವನ್ನು ತಮ್ಮ ತಮ್ಮಲ್ಲಿ ನೆನೆಯುತ್ತಿದ್ದರು. ಬೇರೆ ಊರಿಗೆ ಹೋಗೋಣ ಎಂದೆ. "ಈ ವಯಸ್ಸಿನಾಗ? ಅದೂ ಸತ್ತ ಮ್ಯಾಲ?" ಎಂದು ನಕ್ಕಳು. ಅವಳಿಗೆ ಈಗ ಒಂದು ಸುಖವಿತ್ತು. ಸತ್ತವಳು ಹೇಗೆ ಬೇಕಾದರೂ ಮಲಗಬಹುದು. ನೆಲದ ಮೇಲೆ ಕಂಬಳಿ ಹಾಸಿ, ಕಾಲನ್ನು ಹೊಟ್ಟಿನ ಚೀಲದ ಮೇಲಿಟ್ಟು, ಬೆಳಗಿನವರೆಗೆ ಮಲಗುತ್ತಿದ್ದಳು. ಕಾಲು ಎಂದೂ ಇಳಿಯದಷ್ಟು ಇಳಿಯಿತು. ಎರಡೂ ಕಾಲುಗಳಿಗೆ ಒಂದೇ ಅಳತೆಯ ಚಪ್ಪಲಿ ಹಾಕಿಕೊಂಡು ನನ್ನ ಮುಂದೆ ನಿಂತಳು.

"ಮದಲಽ ಸಾಯಬೇಕಿತ್ತು ನೋಡ್ರಿ ನಾನು" ಎಂದಳು.

ಎಸ್ತರ್ ಸಿಸ್ಟರ್ ಮಾತ್ರ ಬರಲಿಲ್ಲ. ಅವರು ಬಂದಿದ್ದರು, ಬಸ್ ನಿಲ್ದಾಣದಲ್ಲಿಯೇ ಜನ ಸುದ್ದಿ ಹೇಳಿದರು, ಅವರು ಅಲ್ಲಿಯೇ ಕೂತು ಅತ್ತು ಹಿಂದಕ್ಕೆ ಹೋದರು ಎಂಬುದು ನನಗೆ ತಿಳಿದದ್ದು ತಡವಾಗಿ. ಮುಲಾಮು ಮುಗಿದಿತ್ತು. ನಾನು ಹೋಗಿ ತರುತ್ತೇನೆ ಎಂದುಕೊಳ್ಳುವಷ್ಟರಲ್ಲಿ ಮಳೆಗಾಲದ ಹಸಿಗೆ ಅವಳ ಕಿರುಬೆರಳ ಸಂದಿ ಒಡೆಯಿತು. ಬೆಳಗಿನ ಜಾವ ಚಳಿ ಬಂದು ಹಲ್ಲು ಕಡಿಯತೊಡಗಿದಳು. ಕಾಲು ಕೆಂಪಾಗಿ, ಕೆಂಪು ತೊಡೆಯವರೆಗೆ ಏರಿತ್ತು. ಪಟ್ಟಿ ಬಿಚ್ಚಿ, ಒದ್ದೆ ಬಟ್ಟೆ ಹಾಕಿ, ನನ್ನ ಹಲಗೆ ಸಾಗಿಸುವ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಬೆಳಗಿನ ಬಸ್ಸಿಗೆ ಹೋದೆ. ಕಂಡಕ್ಟರ್ ಬಸಲಿಂಗ ನಮ್ಮ ಓಣಿಯವನೇ. ಅವನು ಹುಟ್ಟಿದಾಗ ಮೊದಲು ಎತ್ತಿಕೊಂಡವಳು ಭಾಗವ್ವ.

"ಒಂದು ಕೈ ಹಿಡಿಯೋ, ಒಳಗ ಕೂಡಸೂಣು" ಎಂದೆ.

ಅವನು ಗಾಡಿಯ ಕಡೆ ನೋಡಿ ಕಣ್ಣಲ್ಲಿ ನೀರು ತಂದುಕೊಂಡ. "ಕಾಕಾ, ಹೆಣ ಬಸ್ಸಿನ್ಯಾಗ ಹಾಕೂದಿಲ್ಲ. ಕಾಯ್ದೆ ಐತಿ. ಮಂದಿ ಇಳದು ಹೋಗ್ತಾರ."

"ಏ ಬಸ್ಯಾ" ಎಂದಳು ಭಾಗವ್ವ, ನಡುಗುತ್ತಲೇ. "ನಿನ್ನ ಹೊಕ್ಕಳಬಳ್ಳಿ ಕೊಯ್ದಾಕಿ ನಾನೋ. ಹೆಣ ಹಿಂಗ ಬೈತೈತೇನೋ ಭಾಡ್ಯಾ?"

"ಆಯಿ ಹಿಂಗ ಬೈತಿದ್ಲು" ಎಂದು ಅವನು ಪಕ್ಕದವನಿಗೆ ಹೇಳಿ, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು, ಸೀಟಿ ಊದಿದ.

ಗಾಡಿ ತಳ್ಳಿಕೊಂಡು ಹೋದೆ. ನಮ್ಮ ಊರಿನ ಹೊಲಗಳನ್ನು ದಾಟುವವರೆಗೆ ಯಾರೂ ಕೈ ಹಚ್ಚಲಿಲ್ಲ. ದಾಟಿದ ಮೇಲೆ ಬೇರೆ ಊರಿನ ಮೇವಿನ ಟ್ರ್ಯಾಕ್ಟರಿನವರು ಕಂಡು, ಅವಳನ್ನು ಹುಲ್ಲಿನ ಮೇಲೆ ಹತ್ತಿಸಿಕೊಂಡು ಆಸ್ಪತ್ರೆಗೆ ಮುಟ್ಟಿಸಿದರು. ಎಸ್ತರ್ ಸಿಸ್ಟರ್ ಅವಳನ್ನು ನೋಡಿ ಬಾಗಿಲಲ್ಲಿಯೇ ನಿಂತುಬಿಟ್ಟರು. "ತೀರಿಕೊಂಡರು ಅಂತ ಹೇಳಿದರಲ್ಲ ನನಗೆ!" ಎಂದರು. ಆಮೇಲೆ ಓಡಾಡಿ ಸೂಜಿ ಚುಚ್ಚಿದರು, ಬಾಟಲಿ ಏರಿಸಿದರು. ನಂಜು ರಕ್ತಕ್ಕೆ ಸೇರಿದೆ, ಬೆಳಿಗ್ಗೆ ಬಸ್ಸಿಗೇ ಬಂದಿದ್ದರೆ ಎಂದು ಡಾಕ್ಟರು ಅರ್ಧಕ್ಕೆ ಮಾತು ನಿಲ್ಲಿಸಿದರು.

ವಾರ್ಡಿನಲ್ಲಿ ಎರಡು ಸಾಲು ಮಂಚಗಳಿದ್ದವು. ಭಾಗವ್ವ ಕಣ್ಣು ತೆರೆದು ಆ ಕಡೆ ಈ ಕಡೆ ನೋಡಿದಳು. ಒಬ್ಬಾಕೆ ಮಲಗಿಕೊಂಡೇ ಮೊಸರನ್ನ ಉಣ್ಣುತ್ತಿದ್ದಳು. ಇನ್ನೊಬ್ಬಾಕೆ ಮಲಗಿಕೊಂಡೇ ಸೊಸೆಯನ್ನು ಬೈಯುತ್ತಿದ್ದಳು.

"ಎಲ್ಲಾರೂ ಮಲಗ್ಯಾರಲ್ರಿ" ಎಂದಳು, ನನ್ನ ಕೈ ಹಿಡಿದು. "ಎಲ್ಲಾರೂ ಅದಾರಲ್ರಿ."

ಸಂಜೆಯೊಳಗೆ ಅವಳು ಹೋದಳು.

ಆಸ್ಪತ್ರೆಯ ವ್ಯಾನಿನವರು ಹೆಣವನ್ನು ನಮ್ಮ ಮನೆಯ ಮುಂದೆ ಇಳಿಸಿ ಹೋದರು. ಬೀದಿಯಲ್ಲಿ ಯಾರೂ ಹೊರಗೆ ಬರಲಿಲ್ಲ. ಗುರುಪಾದಪ್ಪನವರ ಮನೆಗೆ ಹೋಗಿ, ನಾಲ್ಕು ಜನ ಹೆಗಲು ಕೊಡಿ ಎಂದು ಕೈಮುಗಿದೆ. ಅವರಿಗೂ ಕಷ್ಟವಾಯಿತು. "ಒಮ್ಮೆ ಮಾಡಿ ಮುಗಿಸಿದ್ದು ಎರಡನೇ ಸಲ ಹ್ಯಾಂಗ ಮಾಡೂದು, ಆಚಾರ್ರ? ಜಗತ್ತಿನ್ಯಾಗ ಎಲ್ಲೆರ ಉಂಟ? ಆಕೀ ದಿನ ಮಾಡೀವಿ, ಊಟ ಮಾಡೀವಿ. ನೀವು ಇನ್ನ ಮನಸ್ಸು ಗಟ್ಟಿ ಮಾಡ್ಕೋಬೇಕು" ಎಂದರು. ನಾನು ಅವರಿಗೆ ಶಾಪ ಹಾಕಲಿಲ್ಲ.

ಮನೆಗೆ ಬಂದಾಗ ತುಂಗವ್ವ ಒಳಗೆ ಕೂತಿದ್ದಳು. ಬಕೆಟ್ಟಿನಲ್ಲಿ ನೀರು, ಸೋಪು ತಂದುಕೊಂಡಿದ್ದಳು. ಅಕ್ಕನ ಕಾಲು ತೊಳೆಯುತ್ತಿದ್ದಳು. ಬೆರಳ ಸಂದಿಗಳನ್ನು ಒಂದೊಂದಾಗಿ ಒತ್ತಿ ಒರೆಸುತ್ತಿದ್ದಳು. ನಾನು ದಿನಾಲೂ ಮಾಡುವುದನ್ನು ಅವಳು ಕಿಟಕಿಯಿಂದ ನೋಡಿಟ್ಟುಕೊಂಡಿದ್ದಳು ಎಂದು ಕಾಣುತ್ತದೆ.

"ಎಷ್ಟು ಸಣ್ಣಾಗಿತ್ತು ಮಾವ, ಅಕ್ಕನ ಕಾಲು" ಎಂದಳು ತಲೆ ಎತ್ತದೆ. "ಆ ದಿನ ನಾ ಬಾಗಲಾ ತಗದಾಗ ನೋಡಿದ್ನಿ. ಹೊಟ್ಟಿ ಮ್ಯಾಲ ಕೆಳಗ ಆಗೂದೂ ನೋಡಿದ್ನಿ. ಉಸಿರಾಡಾಕತ್ತಿದ್ಲು."

"ಮತ್ತ ಯಾಕ ಅತ್ತಿ ನೀನು?" ಎಂದೆ.

ಅವಳು ಮುಖ ಎತ್ತಿ ನೋಡಿದಳು. ನಾನು ಏನು ಕೇಳುತ್ತಿದ್ದೇನೆಂದು ಅವಳಿಗೆ ಅರ್ಥವಾಗಲಿಲ್ಲ.

"ಮಲಗಿದ್ಲಲ್ಲ, ಮಾವ" ಎಂದಳು.

ನಾನು ಗುದ್ದಲಿ ತೆಗೆದುಕೊಂಡು ಹಿತ್ತಲಲ್ಲಿ ಕುಣಿ ತೋಡಿದೆ. ಮಳೆಗೆ ಮಣ್ಣು ಮೆದುವಾಗಿತ್ತು. ನನ್ನ ಭಾಗವ್ವನನ್ನು ನಾನೇ ಎತ್ತಿ ಒಳಗಿಟ್ಟೆ. ಕಾಲಿನ ಕಡೆ ಒಂದಿಷ್ಟು ಮಣ್ಣು ಏರಿಸಿ ಅದರ ಮೇಲೆ ಎಡಗಾಲನ್ನು ಇರಿಸಿದೆ. ಮಣ್ಣು ಮುಚ್ಚಿ, ಕೈ ತೊಳೆಯದೆಯೇ ದೇವಿಗೆ ಕೈಮುಗಿದೆ.

ತಾಯಿ ಕಾಳಿಕಾಂಬೆ, ನಿನ್ನ ಮಗಳು ನಿನ್ನಲ್ಲಿಗೆ ಬಂದಿದ್ದಾಳೆ. ಅವಳನ್ನು ಸತ್ತವಳೆಂದವರು ಬಹಳ, ಇದ್ದಾಳೆಂದವನು ನಾನೊಬ್ಬನೇ. ನಿನ್ನ ಮುಂದೆ ಯಾರ ಮಾತು ನಿಲ್ಲುತ್ತದೋ ನನಗೆ ತಿಳಿಯದು. ಈ ಊರಿಗೆ ಏನು ಕೊಡಬೇಕೋ ಅದು ನಿನ್ನ ಚಿತ್ತ, ಅದನ್ನು ನಾನು ಕೇಳಲಾರೆ, ಕೇಳಿದರೆ ಒಳ್ಳೆಯದನ್ನು ಕೇಳುವಷ್ಟು ದೊಡ್ಡ ಮನಸ್ಸು ನನ್ನಲ್ಲಿಲ್ಲ. ಅವಳ ಮೈಯ ಕಟ್ಟಿನಿಂತ ನೀರಿಗೆ ದಾರಿ ಬಿಡು. ಅವಳ ಚಳಿ ಬಿಡಿಸು. ನಿನ್ನ ಮಡಿಲಲ್ಲಿ ಕಾಲಿಡುವುದು ಪಾಪವೆಂದು ಅವಳು ಹಿಂಜರಿಯುತ್ತಾಳೆ, ನೀನೇ ಎತ್ತಿ ಇಟ್ಟುಕೋ. ಅವಳು ಮಲಗಿರಲಿ, ತಾಯಿ. ಅವಳನ್ನು ನೋಡಿ ಯಾರೂ ಅಳದಿರಲಿ.